ಸುಣ್ಣದ ಗೋಡೆಯ ಮೇಲೆ ಆರ್ಥರನ ನೈಟರು

ಸಭಿಕರೇ,

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಮಧ್ಯಯುಗದ ನೈಟರ, ಅಂದರೆ ಕವಚ ತೊಟ್ಟ ಕುದುರೆ ಯೋಧರ, ಚಿತ್ರಗಳಿಗೆ ಬರವಿರಲಿಲ್ಲ. ಇವತ್ತು ಎರಡು ಕಡೆಯ ಗೋಡೆಗಳನ್ನಷ್ಟೇ ನೋಡೋಣ. ಒಂದು ಲಂಡನ್ನಿನ ಸಂಸತ್ ಭವನದಲ್ಲಿ ರಾಜ ಅಥವಾ ರಾಣಿ ರಾಜವಸ್ತ್ರ ಧರಿಸುವ ಕೋಣೆಯದು, ಇನ್ನೊಂದು ಆಕ್ಸ್‌ಫರ್ಡ್ ಯೂನಿಯನ್ ಎಂಬ ವಿದ್ಯಾರ್ಥಿ ಚರ್ಚಾಸಂಘದ ಆಗಿನ ಚರ್ಚಾಮಂದಿರ, ಈಗಿನ ಗ್ರಂಥಾಲಯದ್ದು. ಎರಡಕ್ಕೂ ಮೂಲ ಒಂದೇ: ಇಂಗ್ಲಿಷ್ ಲೇಖಕ ಮ್ಯಾಲರಿ 15ನೇ ಶತಮಾನದಲ್ಲಿ ಬರೆದ ಆರ್ಥರ್ ರಾಜನ ವೃತ್ತಾಂತ. ಲಂಡನ್ನಿನದು ಉಳಿಯಿತು, ಆಕ್ಸ್‌ಫರ್ಡಿನದು ಕೆಲವೇ ವರ್ಷಗಳಲ್ಲಿ ಮಸುಕಾಯಿತು. ಕೆಟ್ಟುಹೋದ ಗೋಡೆಯಲ್ಲೇ ಹೆಚ್ಚು ಜೀವವಿತ್ತು ಎಂಬುದು ನನ್ನ ಅಭಿಪ್ರಾಯ.

ಲಂಡನ್ನಿನ ಕೆಲಸ 1848ರಲ್ಲಿ ಚಿತ್ರಕಾರ ವಿಲಿಯಂ ಡೈಸ್ ಪಾಲಿಗೆ ಬಂತು. ಮ್ಯಾಲರಿಯ ಕಥೆಯ ನಡುಮಧ್ಯದಲ್ಲೇ ಆರ್ಥರನ ರಾಣಿ ಗಿನಿವಿಯರ್ ಮತ್ತು ಅವನ ನೈಟ್ ಲಾನ್ಸೆಲಾಟನ ಪ್ರಣಯವಿದೆ. ಅದನ್ನು ರಾಣಿಯ ಕೋಣೆಯಲ್ಲಿ ಬರೆಯುವುದು ಹೇಗೆ? ಡೈಸ್ ಕಥೆಯ ಸರಣಿಯನ್ನೇ ಬಿಟ್ಟು ಗುಣಗಳನ್ನು ಹಿಡಿದರು: ಧರ್ಮಶ್ರದ್ಧೆ, ಕರುಣೆ, ಔದಾರ್ಯ, ಸೌಜನ್ಯ, ಅತಿಥಿಸತ್ಕಾರ ಇತ್ಯಾದಿ, ಒಟ್ಟು ಏಳು.

ಅವರು ಆರಿಸಿಕೊಂಡದ್ದು ಅಪ್ಪಟ ಫ್ರೆಸ್ಕೊ. ಒಂದು ದಿನದಲ್ಲಿ ಎಷ್ಟು ಬರೆದು ಮುಗಿಸಬಹುದೋ ಅಷ್ಟು ಜಾಗಕ್ಕೆ ಮಾತ್ರ ಸುಣ್ಣ-ಮರಳಿನ ತೆಳು ಗಾರೆ ಮೆತ್ತಬೇಕು. ಅದು ಹಸಿಯಾಗಿರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣದ ಕಣಗಳು ಅದರಲ್ಲೇ ಸಿಕ್ಕಿಕೊಳ್ಳುತ್ತವೆ, ಬೇರೆ ಅಂಟು ಬೇಕಿಲ್ಲ. ಸಂಜೆಗೆ ಬರೆಯದೆ ಉಳಿದ ಗಾರೆಯನ್ನು ಅಂಚು ಹಿಡಿದು ಕೆತ್ತಿ ತೆಗೆಯಬೇಕು. ತಪ್ಪಾಯಿತೋ, ಆ ತುಂಡನ್ನೇ ಕಿತ್ತು ಮತ್ತೆ ಗಾರೆ ಮೆತ್ತಬೇಕು.

ಈ ಪದ್ಧತಿಗೆ ನೈಟನ ಉಡುಪೇ ಶತ್ರು. ಕುದುರೆಯಿಂದ ಬಿದ್ದ ಆರ್ಥರನನ್ನು ಲಾನ್ಸೆಲಾಟ್ ಕೊಲ್ಲದೆ ಬಿಡುವ ‘ಔದಾರ್ಯ’ದ ಚಿತ್ರ ನೋಡಿ. ಮೈತುಂಬ ಉಕ್ಕಿನ ಬಳೆ ಹೆಣೆದ ಕವಚ. ಒಂದೊಂದು ಬಳೆಗೂ ಒಂದು ನೆರಳು, ಒಂದು ಹೊಳಪು. ಮಡಿಕೆಬಿದ್ದ ಬಟ್ಟೆಯನ್ನು ಅಗಲ ಕುಂಚದಲ್ಲಿ ಬೇಗ ಮುಗಿಸಬಹುದು. ಕವಚದಲ್ಲಿ ಒಂದು ತೋಳಿಗೂ ಹೊತ್ತು ಸಾಲದು, ಗಾರೆಯೋ ಕಾಯುವುದಿಲ್ಲ. 1864ರಲ್ಲಿ ಡೈಸ್ ತೀರಿಕೊಂಡಾಗ ಏಳರಲ್ಲಿ ಐದನೆಯದೂ ಅರ್ಧಕ್ಕೆ ನಿಂತಿತ್ತು. ಅದನ್ನು ಇನ್ನೊಬ್ಬ ಚಿತ್ರಕಾರ ಚಾರ್ಲ್ಸ್ ಕೋಪ್ ಮುಗಿಸಿದರು, ಮಿಕ್ಕೆರಡನ್ನು ಯಾರೂ ಬರೆಯಲಿಲ್ಲ.

ಆಕ್ಸ್‌ಫರ್ಡಿನಲ್ಲಿ ನಡೆದದ್ದು ಬೇರೆಯೇ. 1857ರ ಬೇಸಿಗೆಯಲ್ಲಿ ರೊಸೆಟ್ಟಿ, ವಿಲಿಯಂ ಮಾರಿಸ್, ಬರ್ನ್-ಜೋನ್ಸ್, ಆರ್ಥರ್ ಹ್ಯೂಸ್ ಮೊದಲಾದ ಏಳು ಮಂದಿ ಕಲಾವಿದರು ಸಂಬಳವಿಲ್ಲದೆ ಕೆಲಸ ಹಿಡಿದರು. ಕಟ್ಟಡ ಆಗತಾನೇ ಎದ್ದಿತ್ತು, ಇಟ್ಟಿಗೆಗಳ ನಡುವಿನ ಗಾರೆ ಒಣಗಿರಲಿಲ್ಲ. ಇವರು ಇಟ್ಟಿಗೆಗೆ ನೇರವಾಗಿ ಸುಣ್ಣ ಬಳಿದು, ಅದರ ಮೇಲೆ ಡಿಸ್ಟೆಂಪರಿನಲ್ಲಿ, ಅಂದರೆ ಅಂಟುನೀರಿನ ಬಣ್ಣದಲ್ಲಿ, ಬರೆದರು. ಮಟ್ಟಸವಾಗಿ ಗಾರೆ ಮಾಡಿದ ಮೈ ಇಲ್ಲದ್ದರಿಂದ ಇಟ್ಟಿಗೆಯ ಉಬ್ಬುತಗ್ಗೆಲ್ಲ ಹಾಗೇ ಉಳಿಯಿತು. ಒಳಗಿನ ತೇವ ಹೊರಬರುತ್ತ ಸುಣ್ಣವನ್ನು ಹಕ್ಕಳೆ ಎಬ್ಬಿಸಿತು. ಬಣ್ಣ ಸುಣ್ಣಕ್ಕೆ ಅಂಟಿದ್ದೇ ಹೊರತು ಅದರೊಳಗೆ ಸೇರಿರಲಿಲ್ಲ, ಸುಣ್ಣದ ಜೊತೆ ಅದೂ ಉದುರಿತು. ಮೇಲಿಂದ ಗ್ಯಾಸ್ ದೀಪಗಳ ಬಿಸಿ, ಮಸಿ.

ಸಾಲದ್ದಕ್ಕೆ ಹತ್ತು ಅಂಕಣಗಳಲ್ಲಿ ಒಂದೊಂದರ ನಡುವೆಯೂ ಎರಡೆರಡು ದುಂಡು ಕಿಟಕಿ. ರೊಸೆಟ್ಟಿ ಈ ತೊಡಕನ್ನೇ ಬಳಸಿಕೊಂಡರು. ಒಂದು ಬದಿಗೆ ನಿದ್ದೆಹೋದ ಲಾನ್ಸೆಲಾಟ್, ಮತ್ತೊಂದು ಬದಿಗೆ ನೈಟರು ಅರಸುತ್ತಿದ್ದ, ಯೇಸು ಕಡೆಯ ಊಟದಲ್ಲಿ ಬಳಸಿದ್ದೆನ್ನುವ ಪವಿತ್ರ ಪಾತ್ರೆ, ಅಡ್ಡಲಾಗಿ ಸೇಬಿನ ಮರಕ್ಕೆ ತೋಳು ಚಾಚಿ ನಿಂತ ಗಿನಿವಿಯರ್. ಡೈಸ್ ಮುಚ್ಚಿಟ್ಟ ಪ್ರಣಯ ಇಲ್ಲಿ ಗೋಡೆಯ ನಟ್ಟನಡುವೆ! ನೈಟನಿಗೆ ಪಾತ್ರೆ ಸಿಗದಂತೆ ಮಾಡಿದ್ದು ಯಾವುದು ಎಂದು ಬಿಡಿಸಿ ಹೇಳುವುದೇ ಬೇಕಿಲ್ಲ. ಆ ನವೆಂಬರಿನಲ್ಲಿ ರೊಸೆಟ್ಟಿ ಅದನ್ನು ಅರೆಬರೆ ಬಿಟ್ಟು ಊರು ಬಿಟ್ಟರು.

ಮಾರಿಸ್ ಮಾದರಿಗೆಂದು ಅಲ್ಲಿನ ಕಮ್ಮಾರನಿಂದ ಶಿರಸ್ತ್ರಾಣ ಮಾಡಿಸಿದ್ದರು. ಹಾಕಿ ನೋಡಿದಾಗ ಮುಖದ ತಗಡು ಸಿಕ್ಕಿಕೊಂಡು ಒಳಗಿಂದ ಕೂಗಾಡಿದರಂತೆ. ಅವರ ಗೋಡೆಯಲ್ಲಿ ಜನಕ್ಕಿಂತ ಸೂರ್ಯಕಾಂತಿ ಹೂಗಳದ್ದೇ ದರ್ಬಾರು. ಉಳಿದ ಮೂರು ಅಂಕಣಗಳನ್ನು ಆಮೇಲೆ ವಿಲಿಯಂ ರಿವಿಯೇರ್ ತುಂಬಿಸಿದರು.

1930ರ ಮತ್ತು 1980ರ ದಶಕಗಳಲ್ಲಿ ದುರಸ್ತಿ ನಡೆದಿದೆ, ಆದರೆ ಉದುರಿದ ಬಣ್ಣ ತಿರುಗಿ ಬಾರದು. ಅಲ್ಲಿಗೆ ಹೋಗುವವರು ಬಿಸಿಲಿನ ಮಧ್ಯಾಹ್ನ ಬೇಡ. ಕಿಟಕಿಯ ಝಳಕ್ಕೆ ಕಣ್ಣು ಕುಗ್ಗಿ ಸುತ್ತಲಿನ ಗೋಡೆ ಕಪ್ಪಾಗಿ ಕಾಣುತ್ತದೆ. ಮೋಡದ ದಿನ, ಒಳಗೆ ದೀಪ ಹಾಕಿಸಿಕೊಂಡು, ಮೊದಲು ರೊಸೆಟ್ಟಿಯ ಅಂಕಣ ನೋಡಿ.