ಮೊದಲ ಕಮಾಂಡ್ ಒತ್ತಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಕೆಲವು ದಿನಗಳ ಹಿಂದೆ, ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದ ಹುಡುಗಿಯೊಬ್ಬಳ ಪಕ್ಕದಲ್ಲಿ ಕುಳಿತಿದ್ದೆ. ಅವಳು ತನ್ನ ಮೊಟ್ಟಮೊದಲ ವೆಬ್ ಫ್ರೇಮ್‌ವರ್ಕನ್ನು ಇನ್‌ಸ್ಟಾಲ್ ಮಾಡುತ್ತಿದ್ದಳು. ನಡುವೆ ಬಾಯಿ ಹಾಕಬಾರದು ಎಂದು ನನಗೆ ನಾನೇ ಕಟ್ಟಪ್ಪಣೆ ಮಾಡಿಕೊಂಡಿದ್ದೆ. ಕೈಪಿಡಿಯಲ್ಲಿದ್ದ ಕಮಾಂಡುಗಳನ್ನು ಒಂದೊಂದಾಗಿ ಟೈಪ್ ಮಾಡಿದಳು. ಸರ್ವರ್ ಶುರುವಾಯಿತು. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಒಂದು ವಿಳಾಸ ಮೂಡಿತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಇನ್ನೊಂದು ಸಾಲು: ಕಂಟ್ರೋಲ್-ಸಿ ಒತ್ತಿ ಸರ್ವರನ್ನು ನಿಲ್ಲಿಸಿ. ಅವಳು ಒತ್ತಿದಳು. ಸರ್ವರ್ ನಿಂತಿತು. ಆಮೇಲೆ ಬ್ರೌಸರ್ ತೆರೆದು ಆ ವಿಳಾಸ ಹಾಕಿದಳು. ಪುಟ ಬರಲಿಲ್ಲ. ಮತ್ತೆ ಶುರುಮಾಡಿದಳು, ಮತ್ತೆ ಒತ್ತಿದಳು, ಮತ್ತೆ ಪುಟ ಬರಲಿಲ್ಲ. ಮೂರನೆಯ ಸಲ ನನ್ನ ಕಡೆ ತಿರುಗಿ, "ಅದು ಹೇಳಿದ್ದನ್ನೆಲ್ಲ ಮಾಡಿದೆನಲ್ಲ ಸರ್?" ಎಂದಳು.

ಮಾಡಿದ್ದಳು, ನಿಜ. ಆ ಸಾಲನ್ನು ಬರೆದವರ ಮನಸ್ಸಿನಲ್ಲಿದ್ದದ್ದು "ಮುಂದೆ ಎಂದಾದರೂ ನಿಲ್ಲಿಸಬೇಕು ಅನ್ನಿಸಿದರೆ" ಎಂದು. ಆ "ಅನ್ನಿಸಿದರೆ" ಮಾತ್ರ ತೆರೆಯ ಮೇಲೆ ಬಂದಿರಲಿಲ್ಲ. ನಾನು ಇಷ್ಟು ವರ್ಷಗಳಲ್ಲಿ ಆ ಸಾಲನ್ನು ಸಾವಿರ ಸಲ ನೋಡಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ಅವಳು ಓದಿದಳು.

ಫ್ರೇಮ್‌ವರ್ಕ್ ಎಂದರೆ ಏನು ಎನ್ನುವವರಿಗೆ ಒಂದು ಮಾತು. ಯಾವ ಜಾಲತಾಣಕ್ಕೂ ಬೇಕಾಗುವ ಕೆಲವು ಕೆಲಸಗಳಿವೆ: ವಿಳಾಸಕ್ಕೆ ತಕ್ಕ ಪುಟ ತೋರಿಸುವುದು, ಡೇಟಾಬೇಸ್ ಜತೆ ವ್ಯವಹರಿಸುವುದು, ಲಾಗಿನ್ ನೋಡಿಕೊಳ್ಳುವುದು. ಇವನ್ನು ಮೊದಲೇ ಬರೆದಿಟ್ಟ ಸಿದ್ಧ ಚೌಕಟ್ಟೇ ಫ್ರೇಮ್‌ವರ್ಕ್. 2004ರಲ್ಲಿ ರೂಬಿ ಆನ್ ರೇಲ್ಸ್ ಬಂತು, 2005ರಲ್ಲಿ ಜಾಂಗೊ, 2011ರಲ್ಲಿ ಲಾರಾವೆಲ್. ಆಮೇಲೆ ಬಂದವಕ್ಕೆ ಲೆಕ್ಕವಿಲ್ಲ. ಇವನ್ನು ನಮ್ಮ ಕಂಪ್ಯೂಟರಿಗೆ ತಂದು, ಹೊಸ ಪ್ರಾಜೆಕ್ಟಿನ ಕಡತಗಳನ್ನು ಜೋಡಿಸಿಕೊಡುವುದು ಇನ್‌ಸ್ಟಾಲರ್. ಫ್ರೇಮ್‌ವರ್ಕ್ ಹೊಸಬರೊಡನೆ ಆಡುವ ಮೊದಲ ಮಾತು ಅದರದ್ದು. ವಿಚಿತ್ರವೆಂದರೆ, ಆ ಮಾತುಗಳನ್ನು ಬರೆಯುವವರೆಲ್ಲ ಹಳಬರು, ಅವನ್ನು ನಿಜವಾಗಿ ಓದುವವರು ಹೊಸಬರು ಮಾತ್ರ.

ಪ್ರಶ್ನೆಗಳ ವಿಷಯವನ್ನೇ ನೋಡಿ. ನೆಕ್ಸ್ಟ್ ಜೆಎಸ್ ಎಂಬ ಫ್ರೇಮ್‌ವರ್ಕಿನ ಇನ್‌ಸ್ಟಾಲರ್ ಬಹುಕಾಲ ಒಂದರ ಹಿಂದೊಂದು ಕೇಳುತ್ತಿತ್ತು. ಟೈಪ್‌ಸ್ಕ್ರಿಪ್ಟ್ ಬೇಕೇ? ಇಎಸ್‌ಲಿಂಟ್ ಬೇಕೇ? ಟೇಲ್‌ವಿಂಡ್ ಬೇಕೇ? ಕೋಡನ್ನು ಎಸ್‌ಆರ್‌ಸಿ ಎಂಬ ಡೈರೆಕ್ಟರಿಯೊಳಗೆ ಇಡಬೇಕೇ? ಆ್ಯಪ್ ರೌಟರ್ ಬೇಕೇ? ಇಂಪೋರ್ಟ್ ಅಲಿಯಾಸ್ ಬದಲಿಸಬೇಕೇ? ಆರು ತಿಂಗಳು ಕೆಲಸ ಮಾಡಿದವರಿಗೆ ಇವುಗಳಿಗೆ ಉತ್ತರ ಗೊತ್ತಿರುತ್ತದೆ. ಆದರೆ ಕೇಳುವುದು ಮೊದಲ ನಿಮಿಷದಲ್ಲಿ. ಹೊಸಬರು ಪ್ರತಿಯೊಂದು ಪ್ರಶ್ನೆಯ ಮುಂದೆಯೂ ನಿಂತು, ತಪ್ಪು ಉತ್ತರ ಕೊಟ್ಟರೆ ಎಲ್ಲ ಕೆಡುತ್ತದೆಯೇನೋ ಎಂದು ಹೆದರುತ್ತಾರೆ. ಯಾವುದನ್ನು ಆಮೇಲೆ ಬದಲಿಸಬಹುದು, ಯಾವುದು ಬದಲಿಸಲು ಕಷ್ಟ ಎಂಬ ಸುಳಿವೂ ಅಲ್ಲಿರುವುದಿಲ್ಲ. ಇತ್ತೀಚಿನ ಆವೃತ್ತಿ ಬುದ್ಧಿ ಕಲಿತಿದೆ: ಶಿಫಾರಸು ಮಾಡಿದ ಆಯ್ಕೆಗಳನ್ನೇ ಬಳಸಲೇ ಎಂದು ಮೊದಲು ಒಂದೇ ಪ್ರಶ್ನೆ ಕೇಳುತ್ತದೆ. ಹೌದು ಎಂದರೆ ಉಳಿದದ್ದನ್ನು ತಾನೇ ನೋಡಿಕೊಳ್ಳುತ್ತದೆ.

ಪ್ರಶ್ನೆಯನ್ನೇ ಇಲ್ಲವಾಗಿಸುವುದು ಇನ್ನೂ ಒಳ್ಳೆಯದು. ಲಾರಾವೆಲ್ ಮೊದಲು ಹೊಸ ಪ್ರಾಜೆಕ್ಟಿಗೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸರ್ವರ್ ಇದೆ ಎಂದೇ ಎಣಿಸುತ್ತಿತ್ತು. ಹೊಸಬರ ಕಂಪ್ಯೂಟರಿನಲ್ಲಿ ಅದು ಎಲ್ಲಿರುತ್ತದೆ? ಡೇಟಾಬೇಸ್ ಮುಟ್ಟುವ ಮೊದಲ ಕಮಾಂಡಿಗೇ ಸಂಪರ್ಕ ಸಿಗಲಿಲ್ಲ ಎಂಬ ಎರರ್. 2024ರ 11ನೆಯ ಆವೃತ್ತಿಯಿಂದ ಅದು ಎಸ್‌ಕ್ಯೂಲೈಟನ್ನು ಬಳಸುತ್ತದೆ. ಅದಕ್ಕೆ ಬೇರೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಡೇಟಾ ಎಲ್ಲ ಒಂದೇ ಫೈಲಿನಲ್ಲಿರುತ್ತದೆ. ಜಾಂಗೊ ಈ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ. ಎಷ್ಟು ಜನರ ಮೊದಲ ಸಂಜೆ ಇದರಿಂದ ಉಳಿಯಿತೋ!

ಇನ್ನು ಗದ್ದಲ. ಪ್ಯಾಕೇಜ್ ಎಂಬ ಸಿದ್ಧ ಕೋಡಿನ ಕಟ್ಟುಗಳನ್ನು ಜಾಲದಿಂದ ತಂದುಕೊಡುವ ಎನ್‌ಪಿಎಂ ಮೂಲಕ ಯಾವುದಾದರೂ ಫ್ರೇಮ್‌ವರ್ಕ್ ಇಳಿಸಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ನೀವು ಕೇಳಿದ್ದು ಒಂದು ಪ್ಯಾಕೇಜ್, ಬಂದದ್ದು ಕೆಲವು ನೂರು. ಇಂಥದ್ದು ಹಳತಾಗಿದೆ, ಇನ್ನು ಬಳಸಬೇಡಿ ಎಂಬ ಎಚ್ಚರಿಕೆಗಳು ಸಾಲುಗಟ್ಟುತ್ತವೆ. ಇಷ್ಟು ಪ್ಯಾಕೇಜುಗಳು ಧನಸಹಾಯ ಬಯಸುತ್ತಿವೆ ಎಂದು ಒಂದು ಸಾಲು. ಮನೆಗೆ ಕಾಲಿಡುವ ಮೊದಲೇ ಬಾಗಿಲಲ್ಲಿ ಚಂದಾ ಕೇಳಿದಂತೆ. ಕೊನೆಗೆ, ಇಷ್ಟು ಭದ್ರತಾ ದೋಷಗಳು ಕಂಡಿವೆ, ಇಷ್ಟು ತೀವ್ರ, ಇಷ್ಟು ಮಧ್ಯಮ, ಸರಿಪಡಿಸಲು ಈ ಕಮಾಂಡ್ ಕೊಡಿ ಎಂಬ ಸೂಚನೆ. ಆ ಕಮಾಂಡಿನ ಬಾಲದಲ್ಲಿ ಹಲವು ಸಲ ಫೋರ್ಸ್ ಎಂಬ ಪದವಿರುತ್ತದೆ. ಹೊಸಬರು ವಿಧೇಯರಾಗಿ ಅದನ್ನೂ ಒತ್ತುತ್ತಾರೆ. ಫೋರ್ಸ್ ಎಂದರೆ ಪ್ಯಾಕೇಜುಗಳ ಆವೃತ್ತಿಯನ್ನೇ ಬಲವಂತವಾಗಿ ಬದಲಿಸುವ ಅನುಮತಿ. ಐದು ನಿಮಿಷದ ಹಿಂದೆ ಸರಿಯಾಗಿದ್ದ ಪ್ರಾಜೆಕ್ಟ್ ಆಮೇಲೆ ಏಳದೇ ಹೋಗಬಹುದು.

ಈ ಎಚ್ಚರಿಕೆಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಫ್ರೇಮ್‌ವರ್ಕ್ ಕಟ್ಟುವವರು ಓದಬೇಕಾದವು; ಬಳಸಲು ಬಂದವರ ಕೈಯಲ್ಲಿ ಅವುಗಳಿಗೆ ಮದ್ದಿಲ್ಲ. ಜಾಂಗೊ ಸರ್ವರನ್ನು ಮೊದಲ ಸಲ ಶುರುಮಾಡಿದಾಗಲೂ ಕೆಂಪು ಅಕ್ಷರಗಳಲ್ಲಿ ಒಂದು ಮಾತು ಬರುತ್ತದೆ: ಇಷ್ಟು ಮೈಗ್ರೇಶನ್‌ಗಳು ಬಾಕಿ ಇವೆ, ಪ್ರಾಜೆಕ್ಟ್ ಸರಿಯಾಗಿ ನಡೆಯದಿರಬಹುದು. ಡೇಟಾಬೇಸಿನಲ್ಲಿ ಟೇಬಲ್‌ಗಳನ್ನು ಇನ್ನೂ ಮಾಡಿಲ್ಲ ಎಂಬುದಷ್ಟೇ ಅದರ ಅರ್ಥ. ಆಗಷ್ಟೇ ಹುಟ್ಟಿದ ಪ್ರಾಜೆಕ್ಟಿನಲ್ಲಿ ಅದು ಸಹಜ. ಮಾಡಬೇಕಾದ ಕಮಾಂಡನ್ನೂ ಅದು ಕೆಳಗೆ ಹೇಳುತ್ತದೆ, ಅದು ಮೆಚ್ಚಬೇಕಾದದ್ದು. ಆದರೂ ಸಹಜ ಸ್ಥಿತಿಗೆ ಕೆಂಪು ಬಣ್ಣ ಬಳಿದರೆ, ನಾಳೆ ನಿಜವಾದ ಅಪಾಯಕ್ಕೆ ಯಾವ ಬಣ್ಣ ಉಳಿಯುತ್ತದೆ?

ಕೆಟ್ಟದ್ದನ್ನೇ ಹೇಳುತ್ತಾ ಕೂರಬಾರದು. ಸೋತಾಗ ಹೇಗೆ ಮಾತನಾಡಬೇಕು ಎಂಬುದಕ್ಕೆ ನನಗೆ ಇಷ್ಟವಾದ ಉದಾಹರಣೆ ಪೈಥಾನ್ ಭಾಷೆಯ ಪ್ಯಾಕೇಜುಗಳನ್ನು ತಂದುಕೊಡುವ ಪಿಪ್‌ನದು. 2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಪಿಪ್ ಬಳಸಿ ನೇರವಾಗಿ ಏನನ್ನಾದರೂ ಇನ್‌ಸ್ಟಾಲ್ ಮಾಡಹೋದರೆ ಅದು ಒಪ್ಪುವುದಿಲ್ಲ. ಈ ಪೈಥಾನನ್ನು ಸಿಸ್ಟಂ ನೋಡಿಕೊಳ್ಳುತ್ತಿದೆ ಎನ್ನುತ್ತದೆ. ಸಿಸ್ಟಮ್ಮಿನ ಪ್ಯಾಕೇಜ್ ಬೇಕಾದರೆ ಈ ದಾರಿ, ಬೇರೆಯದು ಬೇಕಾದರೆ ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ಪ್ರತ್ಯೇಕ ಜಾಗ ಮಾಡಿಕೊಳ್ಳಿ, ಅದನ್ನು ಮಾಡುವ ಕಮಾಂಡ್ ಇದು ಎಂದು ಬರೆದು ತೋರಿಸುತ್ತದೆ. ಇಲ್ಲ, ನನಗೆ ಹಟ ಎನ್ನುವವರಿಗೂ ದಾರಿಯಿದೆ. ಆದರೆ ಆ ಆಯ್ಕೆಯ ಹೆಸರೇ ಬ್ರೇಕ್ ಸಿಸ್ಟಂ ಪ್ಯಾಕೇಜಸ್, ಅಂದರೆ ಸಿಸ್ಟಮ್ಮಿನ ಪ್ಯಾಕೇಜುಗಳನ್ನು ಮುರಿ ಎಂದು. ಅಷ್ಟುದ್ದದ ಹೆಸರನ್ನು ಕೈಯಾರೆ ಟೈಪ್ ಮಾಡುವವರು ಅರಿಯದೆ ಮಾಡಿದೆ ಎನ್ನುವಂತಿಲ್ಲ.

ಸಣ್ಣ ಸಂಗತಿಗಳೂ ಇವೆ. ಕೈಪಿಡಿಗಳಲ್ಲಿ ಕಮಾಂಡಿನ ಮುಂದೆ ಡಾಲರ್ ಚಿಹ್ನೆ ಹಾಕುವುದು ಹಳೆಯ ವಾಡಿಕೆ; ಇದು ಟರ್ಮಿನಲ್‌ನ ಸಾಲು ಎಂಬ ಗುರುತು. ಹೊಸಬರು ಅದನ್ನೂ ಸೇರಿಸಿ ನಕಲಿಸುತ್ತಾರೆ, ಡಾಲರ್ ಎಂಬ ಕಮಾಂಡ್ ಇಲ್ಲ ಎಂದು ಟರ್ಮಿನಲ್ ಉತ್ತರಿಸುತ್ತದೆ. ವಿಂಡೋಸಿನಲ್ಲಿ ಪೈಥಾನ್ ಹಾಕುವಾಗ ಕಿಟಕಿಯ ತಳದಲ್ಲಿ "ಪಾತ್‌ಗೆ ಸೇರಿಸು" ಎಂಬ ಚೌಕವಿದೆ, ಅದಕ್ಕೆ ಮೊದಲೇ ಗುರುತು ಹಾಕಿರುವುದಿಲ್ಲ. ಪಾತ್ ಎಂದರೆ ಟರ್ಮಿನಲ್ ಪ್ರೋಗ್ರಾಮುಗಳನ್ನು ಹುಡುಕುವ ಜಾಗಗಳ ಪಟ್ಟಿ. ಇದು ತಿಳಿಯದವರು ಆ ಚೌಕವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಆಮೇಲೆ ಟರ್ಮಿನಲ್‌ಗೆ ಪೈಥಾನ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ನೆಟ್‌ವರ್ಕ್ ಅರ್ಧದಲ್ಲಿ ಕಡಿದರೆ ಅರೆಬರೆ ಡೈರೆಕ್ಟರಿಯೊಂದು ಉಳಿಯುತ್ತದೆ. ಮರುಪ್ರಯತ್ನಿಸಿದರೆ ಡೈರೆಕ್ಟರಿ ಖಾಲಿಯಿಲ್ಲ ಎಂಬ ಗೊಣಗಾಟ. ಅದನ್ನು ತುಂಬಿದ್ದು ತಾನೇ ಎಂಬುದು ಇನ್‌ಸ್ಟಾಲರಿಗೆ ಮರೆತಿರುತ್ತದೆ.

ಇವುಗಳಲ್ಲಿ ಒಂದನ್ನೂ ಕಚೇರಿಯಲ್ಲಿ ಕುಳಿತು ಕಂಡುಹಿಡಿಯಲಾಗುವುದಿಲ್ಲ. ಇನ್‌ಸ್ಟಾಲರ್ ಬರೆದವರ ಯಂತ್ರದಲ್ಲಿ ಎಲ್ಲವೂ ಮೊದಲೇ ಇರುತ್ತದೆ. ಏನೂ ಇಲ್ಲದ ಹೊಸ ಯಂತ್ರದ ಮುಂದೆ ಒಬ್ಬ ಹೊಸಬರನ್ನು ಕೂರಿಸಿ, ಬಾಯಿಗೆ ಬೀಗ ಹಾಕಿಕೊಂಡು ನೋಡಬೇಕು. ಕಷ್ಟದ ಕೆಲಸ. ನನಗಂತೂ ಕೈ ಕೀಬೋರ್ಡಿನ ಕಡೆಗೇ ಹೋಗುತ್ತಿತ್ತು.

ಆ ಹುಡುಗಿಗೆ ಕೊನೆಗೆ ಸ್ವಾಗತದ ಪುಟ ಸಿಕ್ಕಿತು. ಅಭಿನಂದನೆಗಳು ಎಂದಿತ್ತು. ಅವಳು ಅರೆಕ್ಷಣ ನಕ್ಕು, "ಈ ಪುಟ ಯಾವ ಫೈಲಿನಲ್ಲಿದೆ?" ಎಂದಳು. ಅವಳ ಪ್ರಾಜೆಕ್ಟಿನ ಯಾವ ಫೈಲಿನಲ್ಲೂ ಇರಲಿಲ್ಲ. ಫ್ರೇಮ್‌ವರ್ಕ್ ಅದನ್ನು ತನ್ನ ಹೊಟ್ಟೆಯೊಳಗಿಂದ ತೆಗೆದು ತೋರಿಸುತ್ತಿತ್ತು. ಮುಂದೆಲ್ಲಿ ಕೈಯಿಡಬೇಕು ಎಂಬುದು ಅವಳಿಗೆ ತಿಳಿಯಲಿಲ್ಲ.

ಇನ್ನೊಂದು ದಿನ ವೀಟ್ ಎಂಬ ಸಲಕರಣೆ ಬಳಸಿ, ಪುಟ ಕಟ್ಟುವ ರಿಯಾಕ್ಟ್ ಎಂಬ ಲೈಬ್ರರಿಯ ಪ್ರಾಜೆಕ್ಟ್ ಮಾಡಿದಳು. ಅದರ ಮೊದಲ ಪುಟದಲ್ಲೇ ಒಂದು ಸಾಲು ಇರುತ್ತದೆ: ಇಂಥ ಫೈಲನ್ನು ತಿದ್ದಿ, ಸೇವ್ ಮಾಡಿ, ಎಚ್‌ಎಂಆರ್ ಪರೀಕ್ಷಿಸಿ. ಅವಳು ಆ ಫೈಲ್ ತೆರೆದು, ಶೀರ್ಷಿಕೆ ಅಳಿಸಿ, ತನ್ನ ಹೆಸರು ಬರೆದು ಸೇವ್ ಮಾಡಿದಳು. ಬ್ರೌಸರನ್ನು ಮುಟ್ಟಲಿಲ್ಲ, ಆದರೂ ಅಲ್ಲಿ ಹೆಸರು ಬದಲಾಗಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು.

"ಚೆನ್ನಾಗಿದೆ ಸರ್. ಆದರೆ ಎಚ್‌ಎಂಆರ್ ಎಂದರೇನು? ಅದನ್ನು ಇನ್ನೂ ಪರೀಕ್ಷಿಸಲೇ ಇಲ್ಲವಲ್ಲ?"

"ಈಗ ನೀನು ನೋಡಿದೆಯಲ್ಲ, ಅದೇ" ಎಂದೆ.