ಕಂಪ್ಯೂಟರ್ ಮುಂಬೈಯಲ್ಲಿ, ಆಟ ವಿಜಯಪುರದಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ರಜೆ ಶುರುವಾಗಿದ್ದು ಕ್ಯಾಲೆಂಡರ್ ನೋಡದೆಯೇ ಗೊತ್ತಾಗುತ್ತದೆ. ಪಿಯುಸಿ ಪರೀಕ್ಷೆ ಮುಗಿದದ್ದೇ ತಡ, ಹುಡುಗರು ಹಳೆ ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡು ಬರುತ್ತಾರೆ. "ಸರ, ಇದ್ರಾಗ ದೊಡ್ಡ ಗೇಮ್ ಆಡ್ಲಿಕ್ಕೆ ಬರ್ತದೇನ್ರಿ?" ತೆರೆದು ನೋಡಿದರೆ 4 ಜಿಬಿ ರ‍್ಯಾಮ್, ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಒಂದು ಕಡೆ ಹಿಂಜ್ ಮುರಿದು ಟೇಪ್ ಸುತ್ತಿದೆ. ಅಣ್ಣ ಓದಿದ್ದು, ಆಮೇಲೆ ಅಕ್ಕ ಓದಿದ್ದು, ಈಗ ಇವನ ಪಾಲಿಗೆ ಬಂದಿದ್ದು. ಮೊದಲೆಲ್ಲ ನನ್ನ ಉತ್ತರ ಒಂದೇ ಇತ್ತು. "ಇಲ್ಲ ತಮ್ಮಾ, ಬರೂದಿಲ್ಲ." ಯಾಕೆಂದರೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ 30-40 ಸಾವಿರ ರೂಪಾಯಿ, ಅದನ್ನು ಹಾಕಲು ಬೇರೆ ಕಂಪ್ಯೂಟರೇ ಬೇಕು, ಮೇಲೆ 150 ಜಿಬಿ ಜಾಗ ಬೇಡುವ ಆಟಗಳೂ ಇವೆ.

ಈಗ ಅದೇ ಪ್ರಶ್ನೆಗೆ "ನೋಡೋಣ" ಅನ್ನಬೇಕಾಗಿದೆ. ಕ್ಲೌಡ್ ಗೇಮಿಂಗ್ ಅಂತ ಕೆಲವು ಕಂಪನಿಗಳು ಒಂದು ಸೇವೆ ಕೊಡುತ್ತವೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ 2025ರ ನವೆಂಬರ್‌ನಲ್ಲಿ ಭಾರತಕ್ಕೆ ಬಂತು. ಜಿಯೋದವರು ಅದಕ್ಕೂ ಮೊದಲೇ ಮೊಬೈಲ್‌ನಲ್ಲಿ, ಟಿವಿ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಇಂಥದ್ದೊಂದನ್ನು ಶುರು ಮಾಡಿದ್ದರು. ಹೆಸರು ಬೇರೆ ಬೇರೆ, ಕೆಲಸ ಒಂದೇ.

ಕೆಲಸ ಏನು ಅಂತ ಹೇಳುತ್ತೇನೆ. ಆಟ ನಡೆಯುವುದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಲ್ಲವೇ ಅಲ್ಲ. ಮುಂಬೈಯಲ್ಲೋ ಚೆನ್ನೈಯಲ್ಲೋ ಒಂದು ಡೇಟಾ ಸೆಂಟರ್ ಇರುತ್ತದೆ, ಅಲ್ಲಿ ಭಾರಿ ಗ್ರಾಫಿಕ್ಸ್ ಕಾರ್ಡ್ ಇರುವ ಸರ್ವರ್ ಅನ್ನುವ ದೊಡ್ಡ ಕಂಪ್ಯೂಟರ್ ಇರುತ್ತದೆ, ಆಟ ಓಡುವುದು ಅದರಲ್ಲಿ. ನೀವು ಬಟನ್ ಒತ್ತಿದರೆ ಆ ಸುದ್ದಿ ಅಲ್ಲಿಗೆ ಹೋಗುತ್ತದೆ. ಅಲ್ಲಿ ಕಾರು ಬಲಕ್ಕೆ ತಿರುಗುತ್ತದೆ. ತಿರುಗಿದ ಚಿತ್ರವನ್ನು ಸರ್ವರ್ ವಿಡಿಯೋ ಮಾಡಿ, ಒತ್ತಿ ಸಣ್ಣದು ಮಾಡಿ ನಿಮ್ಮ ಪರದೆಗೆ ಕಳಿಸುತ್ತದೆ. ಸೆಕೆಂಡಿಗೆ 60 ಚಿತ್ರ. ಮಿಲಿಸೆಕೆಂಡ್ ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗ, ಒಂದೊಂದು ಚಿತ್ರಕ್ಕೆ ಅಂಥ 17 ಕೂಡ ಸಿಗುವುದಿಲ್ಲ. ನಿಮ್ಮ ಹಳೆ ಲ್ಯಾಪ್‌ಟಾಪ್‌ಗೆ ಉಳಿದ ಕೆಲಸ ಇಷ್ಟೇ, ಬಂದ ವಿಡಿಯೋ ತೋರಿಸೋದು. ಯೂಟ್ಯೂಬ್ ತೋರಿಸುವ ಯಂತ್ರ ಇದನ್ನೂ ತೋರಿಸೀತು.

ಹಾಗಾದರೆ ಯೂಟ್ಯೂಬ್ ಚೆನ್ನಾಗಿ ಓಡುವ ಮನೆಯಲ್ಲಿ ಆಟವೂ ಚೆನ್ನಾಗಿ ಓಡಬೇಕಲ್ವಾ? ಇಲ್ಲೇ ಎಲ್ಲರೂ ಮೋಸ ಹೋಗೋದು. ಯೂಟ್ಯೂಬ್ ಮುಂದಿನ ಅರ್ಧ ನಿಮಿಷದ ವಿಡಿಯೋವನ್ನು ಮೊದಲೇ ತಂದು ಇಟ್ಟುಕೊಂಡಿರುತ್ತದೆ, ನಡುವೆ ಲೈನ್ ಸ್ವಲ್ಪ ತಡವರಿಸಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಆಟಕ್ಕೆ ಆ ಸೌಲಭ್ಯ ಇಲ್ಲ. ನೀವು ಮುಂದೆ ಯಾವ ಬಟನ್ ಒತ್ತುತ್ತೀರಿ ಅಂತ ಮುಂಬೈಯ ಸರ್ವರ್‌ಗೆ ಕನಸು ಬೀಳುತ್ತದೆಯೇ?

ನೀವು ಬಟನ್ ಒತ್ತಿದ ಮೇಲೇ ಚಿತ್ರ ಅಲ್ಲಿಂದ ಹೊರಡಬೇಕು, ಅದಕ್ಕೇ ತಡ ಆಗುತ್ತದೆ. ಈ ತಡ ಎಷ್ಟು, ಎಷ್ಟಾದರೆ ಕೈಗೆ ಗೊತ್ತಾಗುತ್ತದೆ? ನಮ್ಮೂರಿನವರಿಗೆ ಇದನ್ನು ಹೇಳುವುದು ಸುಲಭ. ಗೋಳಗುಮ್ಮಟ ಹತ್ತಿದ್ದೀರಿ ತಾನೇ. ಮೇಲಿನ ಗ್ಯಾಲರಿಯಲ್ಲಿ ಒಂದು ಕಡೆ ನಿಂತರೆ ಎದುರು ಗೋಡೆ ಸುಮಾರು 38 ಮೀಟರ್ ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು ಚಪ್ಪಾಳೆ ತಟ್ಟಿದರೆ ಅದು ಎದುರು ಗೋಡೆ ಮುಟ್ಟಲು ಸುಮಾರು 110 ಮಿಲಿಸೆಕೆಂಡ್, ಬಡಿದು ವಾಪಸ್ ನಿಮ್ಮ ಕಿವಿಗೆ ಬರಲು 220. ಆ ಮೊದಲ ಪ್ರತಿಧ್ವನಿ ಇದೆಯಲ್ಲ, ಅಷ್ಟು ತಡವಾಗಿ ನಿಮ್ಮ ಕಾರು ತಿರುಗಿದರೆ ರೇಸ್ ಮುಗಿದೇ ಹೋಯಿತು, ಗೋಡೆಗೆ ಗುದ್ದಿರುತ್ತೀರಿ. ಅದರ ಅರ್ಧದೊಳಗೆ, ಅಂದರೆ 100ರ ಒಳಗೆ ಎಲ್ಲ ಮುಗಿದರೆ ಮಾಮೂಲಿ ಆಟಗಾರನಿಗೆ ನಡೆಯುತ್ತದೆ. ಗುಂಡು ಹಾರಿಸುವ ಆಟಗಳಲ್ಲಿ ಪಳಗಿದ ಹುಡುಗರಿಗೆ ಅದೂ ಜಾಸ್ತಿ.

ದೂರದ್ದೇನೂ ಅಂಥ ತಕರಾರಿಲ್ಲ. ನಮ್ಮಿಂದ ಮುಂಬೈಗೆ ರಸ್ತೆ ಲೆಕ್ಕದಲ್ಲಿ ಹೆಚ್ಚುಕಡಿಮೆ 500 ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಐದೇ ಮಿಲಿಸೆಕೆಂಡ್, ಕೇಬಲ್ ಎಲ್ಲೆಲ್ಲೋ ಸುತ್ತಿ ಬಂದರೂ ಅದರ ಎರಡು ಮೂರು ಪಟ್ಟು. ಕೆಡುವುದು ಕೊನೆಯ ಮೂವತ್ತು ಅಡಿಯಲ್ಲಿ. ನಿಮ್ಮ ರೂಟರ್‌ನಿಂದ ನಿಮ್ಮ ಮಂಚದವರೆಗೆ!

ಮೊನ್ನೆ ಸ್ಟೇಷನ್ ರಸ್ತೆ ಕಡೆಯ ಒಂದು ಮನೆಗೆ ಇದೇ ಕೆಲಸಕ್ಕೆ ಹೋಗಿದ್ದೆ. 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ತರುವ ಲೈನ್, ಸ್ಪೀಡ್ ಟೆಸ್ಟ್‌ನಲ್ಲಿ 94 ಬರುತ್ತಿದೆ, ಆದರೂ ಆಟ ಶುರುವಾದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ. ಹುಡುಗ "ಲ್ಯಾಗ್ ಹೊಡ್ಯಾಕತ್ತದ್ರಿ ಸರ" ಅಂತ ತಲೆ ಮೇಲೆ ಕೈ ಹೊತ್ತಿದ್ದಾನೆ. ಕಪ್ಪು ಪರದೆ ತೆರೆದು ಪಿಂಗ್ ಹಚ್ಚಿ ಬಿಟ್ಟೆ, ಸುದ್ದಿ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಅಂತ ಅದು ಅಳೆಯುತ್ತದೆ. ಸಾಲು ಸಾಲಾಗಿ ಅಂಕಿ ಬಂದವು: 18, 19, 17, 18, 140, 18, 19, 95. ಸರಾಸರಿ ತೆಗೆದರೆ ಅಂಥ ಕೆಟ್ಟದ್ದೇನೂ ಅಲ್ಲ. ಆದರೆ ಆ 140 ಬಂದಾಗಲೆಲ್ಲ ಎಂಟು ಚಿತ್ರ ತಪ್ಪಿದ ಹಾಗೆ. ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ 2.4 ಗಿಗಾಹರ್ಟ್ಸ್‌ನಲ್ಲೇ ಕೂತಿದ್ದವು, ಅದರಲ್ಲಿ ಒಂದಕ್ಕೊಂದು ಹಾಯದ ಚಾನೆಲ್ ಇರುವುದೇ ಮೂರು. ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆದು ಲ್ಯಾಪ್‌ಟಾಪ್‌ಗೆ ಚುಚ್ಚಿದೆ. 18, 18, 17, 18. ಅವರ ತಾಯಿ ಮಾತ್ರ ಬಾಗಿಲ ನಡುವೆ ವೈರ್ ಹಾದಿದ್ದು ನೋಡಿ "ಇದ್ಯಾಕ್ರಿ ಅಣ್ಣಾರ, ಕಾಲಿಗೆ ತೊಡರ್ತದಲ್ಲ" ಅಂದರು. ಮೊಳೆ ಹೊಡೆದು ಗೋಡೆಗೆ ಹಚ್ಚಿಕೊಟ್ಟು ಬಂದೆ. ಕೇಬಲ್ ಎಳೆಯಲು ಆಗದಿದ್ದರೆ 5 ಗಿಗಾಹರ್ಟ್ಸ್ ವೈಫೈಗೆ ಹೋಗಿ, ರೂಟರ್ ಇರುವ ಕೋಣೆಯಲ್ಲೇ ಕೂತು ಆಡಿ. ಎರಡು ಗೋಡೆ ದಾಟಿದರೆ ಅದರ ಜೀವ ಹೋಗುತ್ತದೆ.

ಇನ್ನು ಡೇಟಾ. ಇದು ಬಾಯಿಲೆಕ್ಕದಲ್ಲೇ ಆಗುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ 10 ಎಂಬಿಪಿಎಸ್ ವಿಡಿಯೋ ಒಂದು ಗಂಟೆ ಬಂದರೆ ನಾಲ್ಕೂವರೆ ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಸಿಕೊಂಡವರಿಗೆ ಅರ್ಧ ಗಂಟೆಯೂ ಬರುವುದಿಲ್ಲ. ಚಿತ್ರ ಸ್ಪಷ್ಟ ಬೇಕು ಅಂತ 25 ಎಂಬಿಪಿಎಸ್‌ಗೆ ಹೋದರೆ ಗಂಟೆಗೆ 11 ಜಿಬಿ ಮೇಲೆ. ಅನ್‌ಲಿಮಿಟೆಡ್ 5ಜಿ ಇದ್ದವರ ಮಾತು ಬೇರೆ, ಆದರೆ ಊರು ಬಿಟ್ಟು ತೋಟದ ಮನೆಗೆ ಹೋದರೆ ಅದು 4ಜಿ ಆಗಿಬಿಡುತ್ತದೆ, ಆಗ ಅದೇ 2 ಜಿಬಿ ಲೆಕ್ಕ. ಮನೆಯ ಫೈಬರ್ ಲೈನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಸಾಮಾನ್ಯ, ಅಲ್ಲಿ ಚಿಂತೆ ಇಲ್ಲ. ಚಿಂತೆ ಇರುವುದು ಕರೆಂಟಿನದು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ರೂಟರ್‌ಗೆ ಇರುವುದಿಲ್ಲ. 12 ವೋಲ್ಟಿನ ಸಣ್ಣ ಬ್ಯಾಟರಿ ಡಬ್ಬಿ ಸಿಗುತ್ತದೆ, ರೂಟರ್‌ಗೆ ಅದನ್ನು ಹಾಕಿಕೊಂಡರೆ ಒಂದೆರಡು ತಾಸು ದಾಟಬಹುದು.

ಈಗ ನನಗೆ ಮುಖ್ಯ ಅನ್ನಿಸಿದ ಮಾತಿಗೆ ಬರುತ್ತೇನೆ. ಈ ಧಂದೆ ಹೊಸದೇನಲ್ಲ. ಅಮೆರಿಕದಲ್ಲಿ ಆನ್‌ಲೈವ್ ಅಂತ ಒಂದು ಕಂಪನಿ 2010ರಲ್ಲೇ ಇದನ್ನು ಶುರು ಮಾಡಿತು. ಸ್ಟೀವ್ ಪರ್ಲ್‌ಮನ್ ಅನ್ನುವವರು ಕಟ್ಟಿದ್ದು. ಸರ್ವರ್ ಬಹಳ, ಆಡುವ ಜನ ಕಡಿಮೆ ಅನ್ನುವಂತಾಗಿ 2012ರಲ್ಲೇ ಕುಸಿಯಿತು, 2015ರ ಏಪ್ರಿಲ್‌ನಲ್ಲಿ ಪೂರ್ತಿ ಮುಚ್ಚಿತು. ಅದರ ಪೇಟೆಂಟ್‌ಗಳನ್ನು ಸೋನಿ ಕೊಂಡುಕೊಂಡಿತು. ಸೋನಿ ಅದಕ್ಕೂ ಮೊದಲೇ, 2012ರಲ್ಲಿ, ಗೈಕಾಯ್ ಅನ್ನುವ ಇಂಥದ್ದೇ ಇನ್ನೊಂದು ಕಂಪನಿಗೆ 38 ಕೋಟಿ ಡಾಲರ್ ಕೊಟ್ಟಿತ್ತು. ಹೋಗಲಿ, ಅವು ಸಣ್ಣ ಕಂಪನಿಗಳು ಅನ್ನೋಣ. ಗೂಗಲ್‌ಗೆ ಏನಾಗಿತ್ತು? ದುಡ್ಡಿಗೆ ಕೊರತೆಯೇ, ಡೇಟಾ ಸೆಂಟರ್‌ಗೆ ಕೊರತೆಯೇ? 2019ರ ನವೆಂಬರ್‌ನಲ್ಲಿ 14 ದೇಶಗಳಲ್ಲಿ ಸ್ಟೇಡಿಯಾ ಅಂತ ಶುರು ಮಾಡಿದರು. ನಮ್ಮ ದೇಶ ಆ ಪಟ್ಟಿಯಲ್ಲಿ ಇರಲಿಲ್ಲ. ಅದರಲ್ಲಿ ಹೆಚ್ಚಿನ ಆಟಗಳನ್ನು ಬೆಲೆ ಕೊಟ್ಟು ಕೊಳ್ಳಬೇಕಿತ್ತು, ಆದರೆ ಹಾಗೆ ಕೊಂಡ ಆಟ ಸ್ಟೇಡಿಯಾ ಬಿಟ್ಟು ಬೇರೆಲ್ಲೂ ಓಡುತ್ತಿರಲಿಲ್ಲ. 2023ರ ಜನವರಿ 18ಕ್ಕೆ ಬಾಗಿಲು ಹಾಕಿದರು. ಆಟಕ್ಕೆ ಕೊಟ್ಟ ದುಡ್ಡು, ತಮ್ಮ ಅಂಗಡಿಯಲ್ಲಿ ಮಾರಿದ ಕಂಟ್ರೋಲರ್, ಅಂದರೆ ಕೈಯಲ್ಲಿ ಹಿಡಿದು ಆಡುವ ಬಟನ್ ಸಾಧನದ ದುಡ್ಡು ವಾಪಸ್ ಕೊಟ್ಟರು, ಅದಕ್ಕೆ ಶಹಬ್ಬಾಸ್ ಅನ್ನಬೇಕು. ಮುಂದಿನ ಕಂಪನಿ ಮುಚ್ಚಿದಾಗ ಹೀಗೇ ವಾಪಸ್ ಕೊಡುತ್ತದೆ ಅಂತ ಬರೆದುಕೊಟ್ಟವರು ಯಾರು?

ಎನ್‌ವಿಡಿಯಾದವರ ಜಿಫೋರ್ಸ್ ನೌ ಬೇರೆ ದಾರಿ ಹಿಡಿಯಿತು. ಆಟ ನೀವು ಬೇರೆ ಅಂಗಡಿಯಲ್ಲಿ ಕೊಂಡದ್ದು, ನಾವು ಓಡಿಸುವ ಯಂತ್ರ ಮಾತ್ರ ಬಾಡಿಗೆಗೆ ಕೊಡುತ್ತೇವೆ ಅನ್ನುತ್ತದೆ. ಈ ಲೆಕ್ಕ ನನಗೆ ಸರಿ ಕಾಣುತ್ತದೆ. ಕಂಪನಿ ಮುಚ್ಚಿದರೂ ಆಟ ನಿಮ್ಮ ಹತ್ತಿರ ಉಳಿಯುತ್ತದೆ. ಆದರೆ ಅಲ್ಲೂ 2020ರ ಫೆಬ್ರುವರಿಯಲ್ಲಿ ಆಕ್ಟಿವಿಷನ್ ಬ್ಲಿಜಾರ್ಡ್ ಅನ್ನುವ ಆಟ ತಯಾರಿಸುವ ಕಂಪನಿ ತನ್ನ ಆಟಗಳನ್ನೆಲ್ಲ ವಾಪಸ್ ತೆಗೆದುಕೊಂಡಿತು. ನಿನ್ನೆ ಆಡಿದ್ದು ಇವತ್ತು ಪಟ್ಟಿಯಲ್ಲಿ ಇಲ್ಲ. ತಿಂಗಳ ಬಾಡಿಗೆ ಸೇವೆಗಳಲ್ಲಂತೂ ಆಟಗಳು ಬರುತ್ತಾ ಹೋಗುತ್ತಾ ಇರುತ್ತವೆ.

ಅದಕ್ಕೇ ಅಂಗಡಿಗೆ ಬಂದವರಿಗೆ ಹೇಳುತ್ತೇನೆ, ಬಾಡಿಗೆ ಕೊಡಿ, ತೊಂದರೆ ಇಲ್ಲ. ಬಾಡಿಗೆ ಮನೆಗೆ ಟೈಲ್ಸ್ ಹಾಕಿಸಬೇಡಿ. ಆ ಸೇವೆಯಲ್ಲಿ ಮಾತ್ರ ಓಡುವ ಆಟಕ್ಕೆ ಮೂರು ನಾಲ್ಕು ಸಾವಿರ ಸುರಿಯಬೇಡಿ. ವರ್ಷದ ದುಡ್ಡು ಒಮ್ಮೆಲೇ ಕಟ್ಟಿದರೆ ರಿಯಾಯಿತಿ ಅಂತ ಹೇಳಿದರೂ ಒಂದು ತಿಂಗಳಿನದೇ ಕಟ್ಟಿ.

ತಂದೆ ತಾಯಂದಿರಿಗೆ ಒಂದು ಮಾತು, ಬಹಳ ಜನ ಗಾಬರಿಯಾಗಿ ಕೇಳುತ್ತಾರೆ. ಆನ್‌ಲೈನ್ ಗೇಮ್ ಅಂದ ಕೂಡಲೇ ರಮ್ಮಿ, ದುಡ್ಡು ಕಳೆದುಕೊಂಡವರು, ಸಾಲ ಎಲ್ಲ ನೆನಪಾಗುವುದು ಸಹಜ. ಅಂಥ ಹಣದ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿತು. ಕ್ಲೌಡ್ ಗೇಮಿಂಗ್ ಆ ಜಾತಿಯದ್ದಲ್ಲ, ಇಲ್ಲಿ ಪಣ ಇಲ್ಲ. ಆಟದೊಳಗೆ ಅಂಗಿ, ಬಂದೂಕು, ನಾಣ್ಯ ಅಂತ ಮಾರುತ್ತಾರೆ, ಅಲ್ಲಿ ಮಾತ್ರ ನಿಮ್ಮ ಕಾರ್ಡ್ ನಂಬರ್ ಉಳಿಸಿಡಬೇಡಿ. ಹೊತ್ತು ಹೋಗುವುದರ ಬಗ್ಗೆ ನಾನೇನೂ ಹೇಳುವುದಿಲ್ಲ, ಅದು ನಿಮ್ಮ ಮನೆಯ ವಿಚಾರ.

ದುಡ್ಡು ಕಟ್ಟುವ ಮೊದಲು ಎರಡು ಕೆಲಸ ಮಾಡಿ. ಉಚಿತವಾಗಿ ಆಡಲು ಕೊಡುವ ಆಟ ಇದ್ದರೆ ರಾತ್ರಿ ಎಂಟರಿಂದ ಹತ್ತರ ನಡುವೆ ಆಡಿ ನೋಡಿ, ಬೆಳಿಗ್ಗೆ ಅಲ್ಲ. ಓಣಿಯವರೆಲ್ಲ ಮೊಬೈಲ್ ಹಿಡಿದು ಕೂತ ಹೊತ್ತಿನಲ್ಲಿ ಚೆನ್ನಾಗಿ ಓಡಿದರೆ ಯಾವಾಗಲೂ ಓಡುತ್ತದೆ. ಇನ್ನೊಂದು, ಯುಪಿಐನಲ್ಲಿ ಕಟ್ಟಿದ ಕೂಡಲೇ ಆಟೋಪೇ, ಅಂದರೆ ತಿಂಗಳು ತಿಂಗಳು ದುಡ್ಡು ತಾನಾಗೇ ಹೋಗುವ ಏರ್ಪಾಡು, ಅನ್ನುವಲ್ಲಿ ಹೋಗಿ ಅದನ್ನು ರದ್ದು ಮಾಡಿ. ಕಟ್ಟಿದ ತಿಂಗಳು ಸಾಮಾನ್ಯವಾಗಿ ಪೂರ್ತಿ ನಡೆಯುತ್ತದೆ, ಹುಡುಗ ಕಾಲೇಜಿಗೆ ಹೋದ ಮೇಲೂ ಅಪ್ಪನ ಖಾತೆಯಿಂದ ದುಡ್ಡು ಹೋಗುವುದು ನಿಲ್ಲುತ್ತದೆ. ನಮಸ್ಕಾರ.