ಗಾಳಿ ನುಂಗುವ ಪ್ಲಾಸ್ಟಿಕ್

ಕೇಳುಗ ಬಂಧುಗಳಿಗೆ ನಮಸ್ಕಾರ.

ಜೂನ್ ತಿಂಗಳ ಒಂದು ಭಾನುವಾರ. ಡೊಂಬಿವಲಿಯಲ್ಲಿ ಬೆಳಗಿನಿಂದ ಮಳೆ ಹಿಡಿದಿತ್ತು. ನಮ್ಮ ಕಟ್ಟಡದ ಕೆಳಮನೆಯ ಅಕ್ಕಾರು ಸೆರಗಿನಲ್ಲಿ ಎರಡು ಪ್ಲಾಸ್ಟಿಕ್ ಚೀಲ ಮುಚ್ಚಿಕೊಂಡು ಮೇಲೆ ಬಂದರು. ವಿಜಯಪುರ ಜಿಲ್ಲೆಯವರು. ಅವರೂ ಇನ್ನೂ ಐದಾರು ಮಂದಿ ಹೆಣ್ಣುಮಕ್ಕಳೂ ಸೇರಿ ಅಗಸಿ ಚಟ್ನಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕಡಕ್ ರೊಟ್ಟಿ ಮಾಡಿ ಕಲ್ಯಾಣ, ಠಾಣೆ, ಮುಲುಂಡ್‌ವರೆಗಿನ ಕನ್ನಡದ ಮನೆಗಳಿಗೆ ಮುಟ್ಟಿಸುತ್ತಾರೆ. ಚೀಲ ಮೇಜಿನ ಮೇಲಿಟ್ಟು ಹೇಳಿದರು: "ನೋಡ ತಂಗಿ, ಗಾಳಿ ಹೀರೋ ಪುಡಿಕಿ ಹಾಕೇ ಕಟ್ಟೇವಿ. ಎರಡ ತಿಂಗಳಾಗಿಲ್ಲ, ಖಮಟ ಹೊಡ್ಯಾಕತ್ತೈತಿ. ಗಿರಾಕಿ ವಾಪಸ್ ಕಳಸ್ಯಾರ. ನೀ ಪ್ಲಾಸ್ಟಿಕ್ ಕಾರಖಾನ್ಯಾಗ ಇರಾಕಿ, ಏನ್ ತಪ್ಪಾತು ಹೇಳು."

ನಾನು ವಸಯಿಯ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಆಹಾರ ತುಂಬುವ ಬಾಟಲಿ, ಡಬ್ಬಿ, ಹಾಳೆಗಳ ಪರೀಕ್ಷೆ ನನ್ನ ಕೆಲಸ. ಒಂದು ಚೀಲ ಕತ್ತರಿಸಿ ಮೂಸಿದೆ. ಹೊಸದಾಗಿ ಬಣ್ಣ ಹೊಡೆದ ಬಾಗಿಲಿನ ವಾಸನೆ. ಪುಡಿಯ ನಡುವೆ, ಲಗ್ನಪತ್ರಿಕೆಯೊಳಗೆ ಇಡುವ ಕುಂಕುಮದ ಪೊಟ್ಟಣದಷ್ಟು ದೊಡ್ಡ ಒಂದು ಬಿಳಿ ಪುಡಿಕೆ. ಹೊಸ ಪುಡಿಕೆಯನ್ನು ಬೆರಳಲ್ಲಿ ಅದುಮಿದರೆ ಒಳಗಿನ ಕರಿಪುಡಿ ಚಿರೋಟಿ ರವೆಯ ಹಾಗೆ ಸರಸರ ಜಾರುತ್ತದೆ. ಇದು ಕಲ್ಲಾಗಿತ್ತು. ಒಡೆದು ನೋಡಿದರೆ ಕೆಂಗಂದು ಬಣ್ಣದ ಗಟ್ಟಿ. ಅಂದರೆ ಪುಡಿಕೆ ತನ್ನ ಕೆಲಸ ಪೂರಾ ಮಾಡಿತ್ತು. ತುಕ್ಕು ಹಿಡಿಯುವುದೇ ಅದರ ಕೆಲಸ.

ಒಳಗಿರುವುದು ಕಬ್ಬಿಣದ ನುಣ್ಣನೆ ಪುಡಿ, ಸ್ವಲ್ಪ ಉಪ್ಪು, ಸ್ವಲ್ಪ ತೇವ. ನಮ್ಮ ಗಾಳಿಯಲ್ಲಿ ಶೇಕಡ 21ರಷ್ಟು ಆಮ್ಲಜನಕ. ಕಬ್ಬಿಣ ಅದನ್ನು ಹಿಡಿದುಕೊಂಡು ತುಕ್ಕಾಗುತ್ತದೆ. ಒಂದು ಗ್ರಾಂ ಕಬ್ಬಿಣ ಸುಮಾರು 300 ಮಿಲಿಲೀಟರ್ ಆಮ್ಲಜನಕವನ್ನು ನುಂಗಬಲ್ಲದು. ಜಪಾನಿನ ಮಿತ್ಸುಬಿಷಿ ಗ್ಯಾಸ್ ಕೆಮಿಕಲ್ ಕಂಪನಿ 1977ರಲ್ಲಿ 'ಏಜ್‌ಲೆಸ್' ಎಂಬ ಹೆಸರಿನಲ್ಲಿ ಇಂಥ ಪುಡಿಕೆಯನ್ನು ಮಾರುಕಟ್ಟೆಗೆ ತಂದಿತು. ಔಷಧಿ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಬೇರೆ. ಅದು ತೇವ ಹೀರುತ್ತದೆ, ಆಮ್ಲಜನಕದ ತಂಟೆಗೆ ಹೋಗುವುದಿಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಕಬ್ಬಿಣಕ್ಕೆ ಬೇಕಾದ ತೇವವನ್ನೇ ಸಿಲಿಕಾ ಕಸಿದುಕೊಳ್ಳಬಹುದು.

ಹಾಗಾದರೆ ಅಕ್ಕಾರ ಚಟ್ನಿ ಯಾಕೆ ಕೆಟ್ಟಿತು? ಪುಡಿಕೆ ಮಾರಿದ ಅಂಗಡಿಯವನು "ಯಾವ ಚೀಲಾದ್ರೂ ನಡೀತೈತಿ" ಅಂದಿದ್ದನಂತೆ. ಇವರು ಸಾದಾ ಪಾಲಿಥೀನ್ ಚೀಲದಲ್ಲಿ ಕಟ್ಟಿದ್ದರು. ಪಾಲಿಥೀನ್ ನೀರನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಕಣ್ಣಿಗೆ ಕಾಣುವ ತೂತು ಇಲ್ಲದಿದ್ದರೂ ಆಮ್ಲಜನಕ ಅದರೊಳಗೆ ಕರಗಿ ಆಚೆಯಿಂದ ಈಚೆಗೆ ಬರುತ್ತಲೇ ಇರುತ್ತದೆ. ಕಾಲು ಕಿಲೋ ಪುಡಿಯ ತೆಳು ಚೀಲದೊಳಗೆ ಮೊದಲು ಎಷ್ಟು ಆಮ್ಲಜನಕ ಇತ್ತೋ, ಅಷ್ಟೇ ಇನ್ನೊಂದು ಸಲ ಒಂದೆರಡು ದಿನದಲ್ಲಿ ಒಳಗೆ ಬಂದಿರುತ್ತದೆ ಎಂದು ಅಂದಾಜು ಹಾಕಿ ತೋರಿಸಿದೆ. ಪುಡಿಕೆ ಒಂದು ವಾರ ಒದ್ದಾಡಿ ಕಲ್ಲಾಗಿದೆ. ಉಳಿದ ಏಳು ವಾರ ಚಟ್ನಿಗೆ ಯಾರೂ ದಿಕ್ಕಿರಲಿಲ್ಲ. ಬೇಲಿಯಿಲ್ಲದ ಹೊಲಕ್ಕೆ ಒಬ್ಬನೇ ಕಾವಲುಗಾರನನ್ನು ಇಟ್ಟ ಹಾಗೆ ಆಗಿತ್ತು. ಆ ಹೆಣ್ಣುಮಕ್ಕಳ ಹದಿನೈದು ದಿನದ ದುಡಿಮೆ ಕಸಕ್ಕೆ ಹೋಯಿತು. ಮಾರುವಾಗ ಒಂದು ಮಾತು ಸರಿಯಾಗಿ ಹೇಳಿದ್ದರೆ ಉಳಿಯುತ್ತಿತ್ತು ಎಂಬ ಸಂಕಟ ನನಗೆ ಇನ್ನೂ ಇದೆ.

ಅಗಸಿಯೇ ಯಾಕೆ ಮೊದಲು ಕೆಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಲಿನೋಲೆನಿಕ್ ಆಮ್ಲ, ಡಾಕ್ಟರುಗಳು ಒಮೇಗಾ-3 ಎಂದು ಹೊಗಳುವ ಜಿಡ್ಡು. ಅದರ ಸರಪಣಿಯಲ್ಲಿ ಆಮ್ಲಜನಕಕ್ಕೆ ಸುಲಭವಾಗಿ ಕೈಗೆ ಸಿಗುವ ಸಡಿಲ ಕೊಂಡಿಗಳಿವೆ. ಒಂದು ಕಡೆ ಆಮ್ಲಜನಕ ಕೂತಿತೆಂದರೆ ಪಕ್ಕದ ಸರಪಣಿಗೂ ಬೆಂಕಿಯ ಹಾಗೆ ಹಬ್ಬುತ್ತದೆ. ಸರಪಣಿ ತುಂಡಾಗಿ ಹುಟ್ಟುವ ಚೂರುಗಳೇ ಆ ಕಮಟು ವಾಸನೆ. ಇಡೀ ಕಾಳು ವರ್ಷವಿಟ್ಟರೂ ಕೆಡುವುದಿಲ್ಲ, ಸಿಪ್ಪೆ ಕಾಯುತ್ತದೆ. ಹುರಿದು ಕುಟ್ಟಿದ ಮೇಲೆ ಆ ರಕ್ಷಣೆ ಹೋಯಿತು.

ಇದೇ ಗುಣವನ್ನು ಬಡಗಿಗಳು ಬಲ್ಲರು. ಬಾಗಿಲಿಗೆ, ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಸವರುತ್ತಾರೆ. ಅದು ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಆಮ್ಲಜನಕ ಕುಡಿದು ಗಟ್ಟಿಯಾಗುತ್ತದೆ. ಬೇಗ ಗಟ್ಟಿಯಾಗಲಿ ಎಂದು ಬಣ್ಣ ತಯಾರಿಸುವವರು ಅದಕ್ಕೆ ಕೋಬಾಲ್ಟ್ ಎಂಬ ಲೋಹದ ಲವಣವನ್ನು ಚಿಟಿಕೆಯಷ್ಟು ಸೇರಿಸುತ್ತಾರೆ. ಚಟ್ನಿಯಲ್ಲಿ ಬಣ್ಣದ ವಾಸನೆ ಬಂದದ್ದು ಕಾಕತಾಳೀಯವಲ್ಲ, ಎರಡೂ ಒಂದೇ ಕ್ರಿಯೆ.

ಈಗ ಪ್ಲಾಸ್ಟಿಕ್ಕಿಗೆ ಬರುತ್ತೇನೆ. ಪುಡಿಕೆ ಬೇಡ, ಡಬ್ಬಿಯ ಗೋಡೆಯೇ ಆಮ್ಲಜನಕ ನುಂಗಲಿ ಎಂದು ಯೋಚಿಸಿದವರು ಹಿಡಿದದ್ದು ಇದೇ ಬಣ್ಣದವರ ದಾರಿ. 1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೆಟಲ್ ಬಾಕ್ಸ್ ಕಂಪನಿಯ ಸಂಶೋಧಕರು ಎಂಎಕ್ಸ್‌ಡಿ6 ಎಂಬ ಒಂದು ಜಾತಿಯ ನೈಲಾನನ್ನು, ನೀರು-ಸೋಡಾದ ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ, ಜೊತೆಗೆ ಅತಿ ಕಡಿಮೆ, ಹತ್ತು ಲಕ್ಷಕ್ಕೆ ಒಂದಿನ್ನೂರು ಭಾಗದೊಳಗೆ, ಕೋಬಾಲ್ಟ್ ಸೇರಿಸಿದರು. 'ಆಕ್ಸ್‌ಬಾರ್' ಎಂದು ಹೆಸರಿಟ್ಟರು. ಆ ನೈಲಾನಿನಲ್ಲಿಯೂ ಅಗಸೆ ಎಣ್ಣೆಯಲ್ಲಿ ಇರುವಂಥ ಸಡಿಲ ಜಾಗಗಳಿವೆ. ಹೊರಗಿನಿಂದ ನುಸುಳುವ ಆಮ್ಲಜನಕ ಅರ್ಧ ದಾರಿಯಲ್ಲೇ ನೈಲಾನಿಗೆ ಸಿಕ್ಕಿಬೀಳುತ್ತದೆ. ಒಳಗಿನ ಪದಾರ್ಥಕ್ಕೆ ಬರಬೇಕಾಗಿದ್ದ ಕೇಡನ್ನು ಡಬ್ಬಿಯ ಗೋಡೆ ತನ್ನ ಮೈಮೇಲೆ ಹಾಕಿಕೊಳ್ಳುತ್ತದೆ. ಇಪ್ಪತ್ತು ವರ್ಷ ಆದಮೇಲೂ ಈ ವಿಷಯ ನನಗೆ ಹಳತಾಗಿಲ್ಲ.

ಪೆಟ್ ಬಾಟಲಿಗೆ ಅಮೆರಿಕದ ನಥಾನಿಯಲ್ ವೈಯತ್ ಪೇಟೆಂಟ್ ಪಡೆದದ್ದು 1973ರಲ್ಲಿ. ನೀರಿಗೆ, ಸೋಡಾಕ್ಕೆ ಅದು ಸಾಕಾಯಿತು. ಸೋತದ್ದು ಬಿಯರಿಗೆ. ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ ಒಳಗೆ ಹೋದರೂ ಬಿಯರಿಗೆ ಒದ್ದೆ ರಟ್ಟಿನ ರುಚಿ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಿರಿಯರನ್ನು ಕೇಳಿದ್ದೆ: ಬಾಟಲಿಯೊಳಗೆ ಗ್ಯಾಸಿನ ಒತ್ತಡ ಹೊರಗಿಗಿಂತ ಎಷ್ಟೋ ಹೆಚ್ಚು, ಹೊರಗಿನ ಗಾಳಿ ಒಳಗೆ ಹೇಗೆ ಬರುತ್ತದೆ ಅಂತ. ಅವರು ಹೇಳಿದ್ದು ಇನ್ನೂ ನೆನಪಿದೆ. ಒಳಗಿರುವ ಒತ್ತಡ ಇಂಗಾಲದ ಡೈಆಕ್ಸೈಡಿನದು. ಆಮ್ಲಜನಕ ಅದನ್ನು ಕೇಳುವುದಿಲ್ಲ, ತನ್ನ ಜಾತಿಯವರು ಎಲ್ಲಿ ಕಡಿಮೆಯಿದ್ದಾರೆ ಎಂದಷ್ಟೇ ನೋಡಿ ಅತ್ತ ಹೋಗುತ್ತದೆ. ಬಾಟಲಿ ಸಣ್ಣದಾದಷ್ಟೂ ಕಷ್ಟ ಹೆಚ್ಚು, ಯಾಕೆಂದರೆ ಒಳಗಿನ ದ್ರವಕ್ಕೆ ಹೋಲಿಸಿದರೆ ಗೋಡೆಯೇ ಜಾಸ್ತಿ.

ಗಾಜಿನ ಬಾಟಲಿಯ ಗೋಡೆ ಆಮ್ಲಜನಕವನ್ನು ಬಿಡುವುದೇ ಇಲ್ಲ. ಆದರೆ ಮುಚ್ಚಳದ ಒಳಗಿರುವ ಮೆತ್ತನೆ ಪದರ ಬಿಡುತ್ತದೆ. ಹಾಗಾಗಿ ಆ ಪದರದಲ್ಲೇ ಸಲ್ಫೈಟ್, ಇಲ್ಲವೇ ವಿಟಮಿನ್ ಸಿ ಜಾತಿಯ ಆಸ್ಕಾರ್ಬೇಟ್ ಬೆರೆಸಿದ ಮುಚ್ಚಳಗಳೂ ಬಂದಿವೆ. ಜಪಾನಿನಲ್ಲಿ ಬೇಯಿಸಿದ ಅನ್ನ ತುಂಬುವ ತಟ್ಟೆಗಳಲ್ಲಿ ಕಬ್ಬಿಣದ ಪುಡಿಯನ್ನೇ ಪ್ಲಾಸ್ಟಿಕ್ಕಿನ ನಡುಪದರಕ್ಕೆ ಸೇರಿಸಿದ್ದಾರೆ. ಅನ್ನದ ತೇವ ತಾಗಿದ ಮೇಲೆ ಅದು ಕೆಲಸಕ್ಕೆ ಇಳಿಯುತ್ತದೆ.

ನಮ್ಮಂಥ ಕಾರ್ಖಾನೆಯವರಿಗೆ ನಿಜವಾದ ತಲೆನೋವು ಇದೇ: ಈ ಪ್ಲಾಸ್ಟಿಕ್ಕನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವುದು. ಬೇಗ ಎದ್ದರೆ ಗೋದಾಮಿನಲ್ಲಿ ಬಿದ್ದಿರುವಾಗಲೇ ಆಕಾಶದ ಆಮ್ಲಜನಕವನ್ನೆಲ್ಲ ನುಂಗುತ್ತ ಸವೆದು ಹೋಗುತ್ತದೆ. ತಡವಾಗಿ ಎದ್ದರೆ ಅಷ್ಟರಲ್ಲಿ ಪದಾರ್ಥ ಕೆಟ್ಟಿರುತ್ತದೆ. ಕೋಬಾಲ್ಟ್ ಸೇರಿಸಿದ ಕೆಲವು ಪ್ಲಾಸ್ಟಿಕ್‌ಗಳು ಮೊದಲ ಕೆಲವು ದಿನ ಸುಮ್ಮನೆ ಕೂತಿದ್ದು ಆಮೇಲೆ ಶುರುಮಾಡುತ್ತವೆ. ಕೆಲವು ಹಾಳೆಗಳಿಗೆ ತುಂಬುವ ಯಂತ್ರದ ಮೇಲೇ ನೇರಳಾತೀತ ಬೆಳಕು ಹಾಯಿಸಿ ಎಬ್ಬಿಸುತ್ತಾರೆ. ಅಲ್ಲಿಯವರೆಗೆ ರೋಲ್ ನಿದ್ದೆಯಲ್ಲಿರುತ್ತದೆ. ನಮ್ಮಲ್ಲೇ ಒಂದು ಸಲ ರಾತ್ರಿ ಪಾಳಿಯಲ್ಲಿ ಇಂಥ ಪ್ಲಾಸ್ಟಿಕ್ ಕಾಳುಗಳ ಚೀಲವನ್ನು ಬಾಯಿ ಕಟ್ಟದೆ ಬಿಟ್ಟರು. ಎರಡು ದಿನದ ಮೇಲೆ ನಾನು ಪರೀಕ್ಷೆಗೆ ತೆಗೆದುಕೊಂಡಾಗ ಅದರ ಶಕ್ತಿ ಬಹಳ ಕುಂದಿತ್ತು. ನೋಡಲು ಮಾತ್ರ ಒಳ್ಳೆಯ ಕಾಳಿನ ಹಾಗೇ ಇತ್ತು. ಸವೆದದ್ದು ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಇದರ ಅಪಾಯ.

ಅಗಸೆಯಂತೆ ಈ ಪ್ಲಾಸ್ಟಿಕ್ಕಿನ ಸರಪಣಿಯೂ ತುಂಡಾದರೆ ಅದರ ಚೂರು ಆಹಾರಕ್ಕೆ ಇಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಆಮ್ಲಜನಕ ಕೂತಾಗ ಚೂರಾಗದೆ ಅಲ್ಲೇ ಉಳಿಯುವಂಥ ಸರಪಣಿಗಳನ್ನು ರೂಪಿಸಿದ್ದಾರೆ. ಆಹಾರಕ್ಕೆ ತಾಗುವ ಕಡೆ ಬೇರೆ ಶುದ್ಧ ಪದರವನ್ನು ಕೂಡಿಸುತ್ತಾರೆ. ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮದ ಪ್ರಕಾರ ಪ್ಲಾಸ್ಟಿಕ್ಕಿನಿಂದ ಒಂದು ಕಿಲೋ ಆಹಾರಕ್ಕೆ ಇಳಿಯುವ ಪದಾರ್ಥಗಳು ಒಟ್ಟು 60 ಮಿಲಿಗ್ರಾಂ ಮೀರಬಾರದು. ಕೋಬಾಲ್ಟಿಗಂತೂ ಮಿತಿ 0.05 ಮಿಲಿಗ್ರಾಂ.

ನನ್ನ ಮಟ್ಟಿಗೆ ಇದನ್ನು ಕಂಡಕಂಡಲ್ಲಿ ಬಳಸಬಾರದು. ಆ ನೈಲಾನ್ ಬೆರೆತ ಪೆಟ್ ಬಾಟಲಿಯನ್ನು ಮತ್ತೆ ಕರಗಿಸಿದರೆ ಹಳದಿ ಬಣ್ಣ ಬರುತ್ತದೆ. ಧಾರಾವಿಯ ತೇರಾ ಕಂಪೌಂಡಿನಲ್ಲಿ ಬಾಟಲಿ ಆರಿಸಿ ಚೂರು ಮಾಡುವವರಿಗೆ ಬಣ್ಣವೇ ಬೆಲೆ. ಬಿಳಿ ಚೂರಿಗೆ ಸಿಗುವ ದರ ಹಳದಿಗೆ ಸಿಗುವುದಿಲ್ಲ. ಬೇಡದ ಕಡೆ ಇದನ್ನು ಸೇರಿಸುವುದೆಂದರೆ ದಿನಗೂಲಿಯ ಮೇಲೆ ಬದುಕುವ ಅವರ ಜೇಬಿಗೆ ಕೈಹಾಕಿದ ಹಾಗೆ. ಎಣ್ಣೆಕಾಳಿನ ಪುಡಿ, ಕಾಫಿ, ಗೋಡಂಬಿ, ಹಣ್ಣಿನ ರಸ, ಮಗುವಿನ ಹಾಲಿನ ಪುಡಿ, ಇಂಥವಕ್ಕೆ ಆಮ್ಲಜನಕದಿಂದ ಕಾವಲು ಬೇಕು ನಿಜ. ಕುಡಿಯುವ ನೀರಿನ ಬಾಟಲಿಗೆ ಯಾಕೆ?

ಇದನ್ನೆಲ್ಲ ಹೇಳಿದಾಗ ಅಕ್ಕಾರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಇದು ನಮ್ಮ ಹಗೇವು ಇದ್ದಂಗ ಆತಲ್ಲ" ಅಂದರು. ನನಗೆ ಆವರೆಗೆ ಹೊಳೆದಿರಲಿಲ್ಲ. ನಮ್ಮ ಕಡೆ ಮನೆಯ ಮುಂದೆ ನೆಲದೊಳಗೆ ಆಳವಾಗಿ ತೋಡಿ, ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗೆ ಕಾಳೂ ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ. ಇದ್ದ ಆಮ್ಲಜನಕ ತೀರಿದ ಮೇಲೆ ಹುಳ ಸಾಯುತ್ತದೆ, ಜೋಳ ಉಳಿಯುತ್ತದೆ. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದೆ ನಿಂತರೆ ಮಾತ್ರ ಇಳಿಯುವುದು. ಹಾಗೆ ನೋಡದೆ ಇಳಿದು ಸತ್ತವರ ಕಥೆಯನ್ನು ಅಜ್ಜ ಹೇಳುತ್ತಿದ್ದ. ಆಮ್ಲಜನಕ ಅಳೆಯುವ ಯಂತ್ರ ಆಗ ಆ ದೀಪವೇ. ಈಗ ಪುಡಿಕೆಯ ಜೊತೆ ಹಾಕುವ ಸಣ್ಣ ಬಿಲ್ಲೆ ಬಂದಿದೆ. ಚೀಲದಲ್ಲಿ ಆಮ್ಲಜನಕ ಶೇಕಡ 0.1ಕ್ಕಿಂತ ಕೆಳಗೆ ಇಳಿದರೆ ಗುಲಾಬಿ, 0.5 ದಾಟಿದರೆ ನೀಲಿ.

ಮುಂದಿನ ವಾರ ಇಬ್ಬರೂ ಕೂತು ಮತ್ತೆ ಕಟ್ಟಿದೆವು. ಈ ಸಲ ಅಲ್ಯೂಮಿನಿಯಂ ತಗಡಿನ ಪದರ ಇರುವ ಪೌಚ್. ಪುಡಿಕೆಯ ದೊಡ್ಡ ಚೀಲ ಬಿಚ್ಚಿದ ಮೇಲೆ ಊಟಕ್ಕೆ ಏಳುವ ಹಾಗಿಲ್ಲ. ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ತಕ್ಷಣ ಸೀಲ್ ಮಾಡಬೇಕು. ತಡಮಾಡಿದರೆ ಪುಡಿಕೆ ಅಂಗೈಯಲ್ಲೇ ಬೆಚ್ಚಗಾಗುತ್ತದೆ, ತುಕ್ಕಿನ ಕೆಲಸ ಶುರುವಾಯಿತೆಂದು ಅರ್ಥ. ಸೀಲ್ ಹಾಕುವ ಜಾಗದಲ್ಲಿ ಚಟ್ನಿಯ ಒಂದು ಕಾಳು ಸಿಕ್ಕಿಕೊಂಡರೂ ಅಲ್ಲಿ ಸಂದು ಬಿಡುತ್ತದೆ, ಒಣ ಬಟ್ಟೆಯಿಂದ ಒರೆಸಿಯೇ ಒತ್ತಬೇಕು. ಮರುದಿನ ಬೆಳಿಗ್ಗೆ ನೋಡಿದರೆ ಪೌಚ್‌ಗಳ ಹೊಟ್ಟೆ ಒಳಕ್ಕೆ ಎಳೆದುಕೊಂಡಿತ್ತು. ಒಳಗಿನ ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಕರಗಿದ ಗುರುತು ಅದು. ಎರಡು ಮಾತ್ರ ಉಬ್ಬಿದ ಹಾಗೇ ಇದ್ದವು. ನೀರಿನಲ್ಲಿ ಅದುಮಿದಾಗ ಸೀಲಿನ ಮೂಲೆಯಿಂದ ಗುಳ್ಳೆ ಬಂತು. ಹೆಚ್ಚು ಪ್ರಮಾಣದಲ್ಲಿ ಮಾಡುವವರು 1966ರಲ್ಲಿ ಶುರುವಾದ, ಅಂಧೇರಿಯಲ್ಲಿರುವ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆಯಲ್ಲಿ ತಮ್ಮ ಹಾಳೆಯನ್ನು ಪರೀಕ್ಷೆಗೆ ಕೊಡಬಹುದು.

ಗಣಪತಿ ಹಬ್ಬ ಬರುವಷ್ಟರಲ್ಲಿ ಅಗಸಿ ಚಟ್ನಿಗೆ ಎರಡೂವರೆ ತಿಂಗಳಾಗಿತ್ತು. ಒಂದು ಪೌಚ್ ಬಿಚ್ಚಿ ಮೂಸಿದೆವು. ಹುರಿದ ಅಗಸಿಯ ಪರಿಮಳವೇ ಬಂತು. ಅಕ್ಕಾರಿಗೆ ಹುರುಪು ಬಂತು. "ತಂಗಿ, ಇದರಾಗ ಬದನೀಕಾಯಿ ಎಣಗಾಯಿ ತುಂಬಿ ಇಟ್ರ? ಎಣ್ಯಾಗ ಹಾಕಿದ ಹಸಿ ಬೆಳ್ಳುಳ್ಳಿ?"

ನಾನು ಕೂಡಲೇ ಬೇಡವೆಂದೆ, ಇಲ್ಲಿಯೂ ಒತ್ತಿ ಹೇಳುತ್ತೇನೆ. ಆಮ್ಲಜನಕ ತೆಗೆದರೆ ಬೂಷ್ಟು ಬರುವುದಿಲ್ಲ, ನಿಜ. ಆದರೆ ಬೊಟ್ಯುಲಿನಮ್ ಎಂಬ ಸೂಕ್ಷ್ಮಜೀವಿಗೆ ಆಮ್ಲಜನಕ ಇಲ್ಲದ ತೇವದ ಜಾಗವೇ ತವರುಮನೆ. ಹುಳಿ ಕಡಿಮೆಯಿರುವ, ಅಂದರೆ ಪಿಎಚ್ 4.6ಕ್ಕಿಂತ ಮೇಲಿರುವ ತೇವದ ಅಡುಗೆಯಲ್ಲಿ ಅದು ಬೆಳೆದು ವಿಷ ಕಟ್ಟುತ್ತದೆ. ಬಣ್ಣ ಕೆಡದೆ, ವಾಸನೆ ಕೆಡದೆ ಇರಬಹುದು. ಕಾರ್ಖಾನೆಯವರು ಅಂಥ ಅಡುಗೆಯನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿ ಶಾಖ ಕೊಟ್ಟ ಮೇಲೆ ಮಾತ್ರ ಹೊರಗೆ ಬಿಡುತ್ತಾರೆ. ಮನೆಯ ಪೌಚ್‌ನಲ್ಲಿ ಕಟ್ಟಬಹುದಾದದ್ದು ಒಣ ಪುಡಿ, ಒಣ ರೊಟ್ಟಿ, ಹುರಿದ ಕಾಳು, ಇಷ್ಟೇ.

ಅಕ್ಕಾರು ಎಣಗಾಯಿಯ ಯೋಚನೆ ಬಿಟ್ಟರು. ಗುರೆಳ್ಳು ಪುಡಿಯ ನಲವತ್ತು ಪೌಚ್ ಕಟ್ಟಿ, ಒಂದೊಂದರ ಮೇಲೂ ಕುಟ್ಟಿದ ತಾರೀಖನ್ನು ತಾವೇ ಕೈಯಾರೆ ಬರೆದರು.

ನಮಸ್ಕಾರ.